ಇಟಾಲಿಯನ್ ಕಲಿಯಲು ಹೊರಟೆ, ಏಳು ಆರ್ಟಿಕಲ್‌ಗಳಲ್ಲಿ ಸಿಕ್ಕಿಕೊಂಡೆ

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಎಂಎಸ್ಸಿ ಓದಲು ಇಟಲಿಯ ತೊರಿನೊಗೆ ಹೋಗುತ್ತಿದ್ದೇನೆ. ಪಾಠ ಇಂಗ್ಲಿಷ್‌ನಲ್ಲೇ. ಆದರೆ ಕ್ಲಾಸಿನಿಂದ ಹೊರಗೆ ಕಾಲಿಟ್ಟರೆ ಇಟಾಲಿಯನ್ ಇಲ್ಲದೆ ನಡೆಯುವುದಿಲ್ಲ ಅಂತ ಅಲ್ಲಿರುವ ಸೀನಿಯರ್‌ಗಳೆಲ್ಲ ಹೇಳುತ್ತಾರೆ.

ಒಂದು ಆ್ಯಪ್ ಹಾಕಿಕೊಂಡು ಶುರು ಮಾಡಿದೆ. ಶಬ್ದಗಳು ಹೇಗೋ ಬರುತ್ತಿವೆ. ವ್ಯಾಕರಣ ಮಾತ್ರ ತಲೆಗೆ ಹತ್ತುತ್ತಿಲ್ಲ. ಇಂಗ್ಲಿಷ್‌ನ ‘ದಿ’ ಅನ್ನುವ ಒಂದೇ ಒಂದು ಆರ್ಟಿಕಲ್‌ಗೆ ಇಲ್ಲಿ ಏಳು ರೂಪ! ಇಲ್, ಲೋ, ಲಾ, ಬರೀ ಎಲ್ ಬರೆದು ಅಪಾಸ್ಟ್ರಫಿ, ಆಮೇಲೆ ಬಹುವಚನಕ್ಕೆ ಈ, ಲ್ಯಿ, ಲೇ. ಯಾವುದು ಯಾವಾಗ ಅಂತ ಆ್ಯಪ್ ಹೇಳುವುದೇ ಇಲ್ಲ. ತಪ್ಪು ಮಾಡಿದರೆ ಕೆಂಪು ಬಣ್ಣ ತೋರಿಸುತ್ತದೆ, ಅಷ್ಟೇ. ಇದನ್ನೆಲ್ಲ ಬಾಯಿಪಾಠ ಮಾಡಬೇಕಾ? ಬೇರೆ ದಾರಿ ಇದ್ದರೆ ದಯವಿಟ್ಟು ಹೇಳಿ.

ಪೊ ನದಿ ಪಕ್ಕ

ತೊರಿನೊಗೆ ಸ್ವಾಗತ. ನಾನು ಅಲ್ಲೇ ಇದ್ದೇನೆ.

ಏಳು ರೂಪ ಅಂದ ತಕ್ಷಣ ಹೆದರಬೇಡಿ. ಅರ್ಥ ಒಂದೇ. ರೂಪ ಬದಲಾಗುವುದು ಮೂರು ವಿಷಯ ನೋಡಿಕೊಂಡು: ಶಬ್ದ ಗಂಡೋ ಹೆಣ್ಣೋ, ಒಂದೋ ಹಲವೋ, ಮತ್ತೆ ಅದರ ಮೊದಲ ಸದ್ದು ಯಾವುದು. ಮೊದಲ ಎರಡು ವಿಷಯ ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು ಬಿಟ್ಟುಬಿಡುತ್ತಾರೆ. ತಲೆ ಕೆಡುವುದು ಅಲ್ಲೇ.

ಪುಲ್ಲಿಂಗಕ್ಕೆ ಮಾಮೂಲಿ ರೂಪ ಇಲ್. ಇಲ್ ಲಿಬ್ರೊ ಅಂದರೆ ಪುಸ್ತಕ. ಈಗ ವಿದ್ಯಾರ್ಥಿ ಅನ್ನುವ ಶಬ್ದ ತೆಗೆದುಕೊಳ್ಳಿ: ಸ್ತುದೆಂತೆ. ‘ಇಲ್ ಸ್ತುದೆಂತೆ’ ಅಂತ ಜೋರಾಗಿ ಹೇಳಿ ನೋಡಿ. ಲ್, ಸ್, ತ್ ಮೂರೂ ಸಾಲಾಗಿ ಬಂದು ನಾಲಿಗೆ ತೊಡರುತ್ತದೆ. ಅದಕ್ಕೇ ಅವರು ‘ಲೋ ಸ್ತುದೆಂತೆ’ ಅನ್ನುತ್ತಾರೆ. ಮಧ್ಯೆ ಒಂದು ಸ್ವರ ಬಂತು, ಸಲೀಸಾಯಿತು. ನಮ್ಮ ಕಡೆ ಸ್ಕೂಲ್ ಹೋಗಿ ಇಸ್ಕೂಲು ಆಗಲಿಲ್ಲವೇ, ಹಾಗೆ.

ಎಸ್ ಆದ ಮೇಲೆ ಇನ್ನೊಂದು ವ್ಯಂಜನ ಇದ್ದರೆ ಲೋ. ಜೆಡ್‌ನಿಂದ ಶುರುವಾದರೆ ಲೋ: ಲೋ ತ್ಸೀಯೊ, ಅಂದರೆ ಚಿಕ್ಕಪ್ಪ ಅಥವಾ ಮಾವ. ಜಿಎನ್, ಪಿಎಸ್, ಎಕ್ಸ್, ವೈ ಇದ್ದರೂ ಲೋ. ಸ್ವರದಿಂದ ಶುರುವಾದರೆ ಎಲ್ ಮಾತ್ರ ಉಳಿದು ಶಬ್ದಕ್ಕೇ ಅಂಟಿಕೊಳ್ಳುತ್ತದೆ: ಗೆಳೆಯ ಲಮೀಕೊ, ಗೆಳತಿ ಲಮೀಕಾ. ನಾವು ಸಂಧಿ ಅನ್ನುವುದು ಇದನ್ನೇ ಅಲ್ವಾ?

ಬಹುವಚನ ಇನ್ನೂ ಸುಲಭ. ಇಲ್ ಇದ್ದದ್ದು ಈ ಆಗುತ್ತದೆ: ಈ ಲಿಬ್ರಿ. ಲೋ ಇದ್ದದ್ದು, ಸ್ವರದಿಂದ ಶುರುವಾಗುವ ಪುಲ್ಲಿಂಗ, ಎರಡೂ ಲ್ಯಿ: ಲ್ಯಿ ಸ್ತುದೆಂತಿ, ಲ್ಯಿ ಅಮೀಚಿ. ಸ್ತ್ರೀಲಿಂಗ ಏನೇ ಇದ್ದರೂ ಲೇ: ಲೇ ಕಾಸೆ, ಅಂದರೆ ಮನೆಗಳು, ಲೇ ಅಮೀಕೆ.

ತುಂಗೆಯ ದಡ

ಅಬ್ಬಾ, ಆ್ಯಪ್ ಇದನ್ನು ಮೊದಲೇ ಹೇಳಬಾರದಿತ್ತಾ! ಆದರೆ ಒಂದು ಪ್ರಶ್ನೆ. ಮನೆ ಹೆಣ್ಣು, ಪುಸ್ತಕ ಗಂಡು ಅಂತ ಯಾರು ತೀರ್ಮಾನ ಮಾಡಿದ್ದು? ಕನ್ನಡದಲ್ಲಿ ಮನುಷ್ಯರಲ್ಲದ್ದೆಲ್ಲ ‘ಅದು’. ನಿರಾಳ.

ಹಿಂದಿ ಮೇಷ್ಟ್ರು

ಇದೇ ಪ್ರಶ್ನೆಯನ್ನು ಧಾರವಾಡದ ಮಕ್ಕಳು ನನಗೆ ವರ್ಷಗಟ್ಟಲೆ ಕೇಳಿದ್ದಾರೆ. ಮೇಜ್ ಯಾಕೆ ಹೆಣ್ಣು, ಪಂಖಾ ಯಾಕೆ ಗಂಡು ಅಂತ. ಯಾರೂ ತೀರ್ಮಾನ ಮಾಡಿಲ್ಲಪ್ಪ. ಇಟಾಲಿಯನ್‌ಗೆ ಇದು ಲ್ಯಾಟಿನ್‌ನಿಂದ ಬಂದ ಆಸ್ತಿ. ಲ್ಯಾಟಿನ್‌ನಲ್ಲಿ ನಮ್ಮ ಹಾಗೆ ನಪುಂಸಕವೂ ಇತ್ತು. ಕಾಲಕ್ರಮದಲ್ಲಿ ಅದು ಅಳಿಸಿಹೋಗಿ, ಅದರ ಶಬ್ದಗಳು ಹೆಚ್ಚಾಗಿ ಪುಲ್ಲಿಂಗಕ್ಕೆ ಸೇರಿಕೊಂಡವು.

ನನ್ನ ಸಲಹೆ: ಲಿಂಗದ ವಿಷಯದಲ್ಲಿ ಕನ್ನಡವನ್ನು ಪಕ್ಕಕ್ಕಿಡಿ, ಶಾಲೆಯಲ್ಲಿ ಕಲಿತ ಹಿಂದಿ ನೆನಪಿಸಿಕೊಳ್ಳಿ. ಲಡ್‌ಕಾ ಲಡ್‌ಕೇ, ಲಡ್‌ಕೀ ಲಡ್‌ಕಿಯಾಂ ಅಂತ ಕೂಗಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಶೇಷಣ ಬದಲಾಗುವುದೂ ಹಾಗೆಯೇ. ಕನ್ನಡದ ‘ಹೊಸ’ ಯಾವುದಕ್ಕೂ ಬದಲಾಗುವುದಿಲ್ಲ: ಹೊಸ ಪುಸ್ತಕ, ಹೊಸ ಮನೆಗಳು. ಹಿಂದಿಯಲ್ಲಿ ನಯಾ, ನಯೀ, ನಯೇ. ಇಟಾಲಿಯನ್‌ನಲ್ಲಿ ನ್ವೋವೊ, ನ್ವೋವಾ, ನ್ವೋವಿ, ನ್ವೋವೆ. ವಿಶೇಷಣ ಸಾಮಾನ್ಯವಾಗಿ ನಾಮಪದ ಆದ ಮೇಲೆ ಬರುತ್ತದೆ ಅನ್ನುವುದೊಂದೇ ಹೊಸದು.

ಲಾತ್ತೆ ಬೇಡ

ಮೇಷ್ಟ್ರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಓ ದಿಂದ ಮುಗಿದರೆ ಗಂಡು, ಆ ದಿಂದ ಮುಗಿದರೆ ಹೆಣ್ಣು. ಹೆಚ್ಚಿನ ಶಬ್ದ ಇದರಲ್ಲೇ ಮುಗಿಯಿತು. ತೊಂದರೆ ಕೊಡುವುದು ಎ ದಿಂದ ಮುಗಿಯುವವು. ನಾಯಿ ಕಾನೆ ಗಂಡು, ಬೀಗದ ಕೈ ಕ್ಯಾವೆ ಹೆಣ್ಣು. ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಕ್ಯಾವೆ ಅಂತ ಕಲಿಯಬೇಡಿ, ‘ಲಾ ಕ್ಯಾವೆ’ ಅಂತಲೇ ಕಲಿಯಿರಿ. ತ್ಸ್ಯೋನೆ ಅಂತ ಮುಗಿಯುವುದೆಲ್ಲ ಹೆಣ್ಣು: ಸ್ಟೇಷನ್ ಅನ್ನುವ ಸ್ತತ್ಸ್ಯೋನೆ, ಪಾಠ ಅನ್ನುವ ಲೆತ್ಸ್ಯೋನೆ. ಇದೊಂದು ನಿಯಮಕ್ಕೇ ನೂರಾರು ಶಬ್ದ ಸಿಗುತ್ತವೆ.

ಮೋಸ ಮಾಡುವವೂ ಇವೆ. ಕೈ ಅನ್ನುವ ಮಾನೊ ನೋಡಲು ಗಂಡು, ಆದರೆ ಲಾ ಮಾನೊ. ಫೋತೊ, ಮೋತೊ ಕೂಡ ಹೆಣ್ಣು. ಅವು ಉದ್ದ ಶಬ್ದಗಳನ್ನು ಕತ್ತರಿಸಿ ಆದವು, ಮೂಲ ಶಬ್ದದ ಲಿಂಗ ಹಾಗೇ ಉಳಿದಿದೆ. ತಿರುಗಾಮುರುಗಾ ಇನ್ನೊಂದು ಗುಂಪು: ಪ್ರೊಬ್ಲೇಮಾ, ತೇಮಾ, ಸಿಸ್ತೇಮಾ, ಪ್ರೊಗ್ರಾಮ್ಮಾ. ಗ್ರೀಕ್‌ನಿಂದ ಬಂದ ಇವು ಆ ದಿಂದ ಮುಗಿದರೂ ಗಂಡು. ಮೊಟ್ಟೆಯ ಕತೆಯಂತೂ ಕೇಳಲೇ ಬೇಡಿ. ಒಂದಿದ್ದಾಗ ಗಂಡು, ಲ್ವೋವೊ. ಎರಡಾದ ಕೂಡಲೇ ಹೆಣ್ಣು, ಲೇ ವೋವಾ!

ಕುಡ್ಲದ ಬಾಯಿ

ಎಲ್ಲರೂ ವ್ಯಾಕರಣಕ್ಕೆ ಓಡಿದಿರಿ, ಉಚ್ಚಾರ ಯಾರು ಹೇಳುವುದು? ಇಲ್ಲಿ ನಮಗೆ ಲಾಟರಿ ಹೊಡೆದಿದೆ. ಇಟಾಲಿಯನ್‌ನಲ್ಲಿ ಒತ್ತಕ್ಷರ ಇದೆ ಮಾರಾಯ್ರೇ. ಪಾಲಾ ಅಂದರೆ ಸನಿಕೆ, ಪಾಲ್ಲಾ ಅಂದರೆ ಚೆಂಡು. ಸೇತೆ ಬಾಯಾರಿಕೆ, ಸೆತ್ತೆ ಏಳು. ಕಪೆಲ್ಲೊ ಕೂದಲು, ಕಪ್ಪೆಲ್ಲೊ ಟೋಪಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವ ನಮಗೆ ಇದೇನು ಮಹಾ? ಇಂಗ್ಲಿಷ್‌ನವರು ಇದಕ್ಕೆ ತಿಣುಕಾಡುತ್ತಾರೆ.

ಇನ್ನೊಂದು: ಟ, ಡ ಮರೆತುಬಿಡಿ. ಇಟಾಲಿಯನ್‌ನಲ್ಲಿ ತ, ದ ಮಾತ್ರ. ಪಾಸ್ತಾ, ಲಾತ್ತೆ, ದೊತ್ತೋರೆ. ಇಂಗ್ಲಿಷ್ ಮೂಲಕ ಕಲಿತವರ ಬಾಯಲ್ಲಿ ಸುಮ್ನೆ ಟ ಬಂದು ಕೂತುಬಿಡುತ್ತದೆ.

ಸಿ ಆದ ಮೇಲೆ ಇ ಅಥವಾ ಐ ಅಕ್ಷರ ಬಂದರೆ ಚ, ಮಧ್ಯೆ ಎಚ್ ತೂರಿಸಿದರೆ ಕ. ಇಂಗ್ಲಿಷ್‌ಗೆ ಪೂರ್ತಿ ಉಲ್ಟಾ. ಮೇಲೆ ಗೆಳೆಯರು ಅಮೀಚಿ, ಗೆಳತಿಯರು ಅಮೀಕೆ ಅಂದದ್ದು ನೋಡಿ. ಕ ಸದ್ದು ಉಳಿಸಿಕೊಳ್ಳಲು ಅಮೀಕೆಯಲ್ಲಿ ಒಂದು ಎಚ್ ಹಾಕಿ ಬರೆಯುತ್ತಾರೆ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಚಿತ್ರ ನೋಡಿದ್ದೀರಲ್ಲ? 1899ರಿಂದ 1901ರ ನಡುವೆ ಅದನ್ನು ಬರೆದವರು ಇಟಲಿಯ ಜೆಸ್ವಿಟ್ ಆಂತೋನಿಯೊ ಮೊಸ್ಕೇನಿ. ಸ್ಪೆಲ್ಲಿಂಗ್ ನೋಡಿ ಮೊಶೇನಿ ಅನ್ನುವವರಿದ್ದಾರೆ. ಎಚ್ ಇದೆಯಲ್ಲ, ಹಾಗಾಗಿ ಸ್ಕೇ.

ಅಡ್ಡಮಾತು

ಇಷ್ಟೆಲ್ಲ ನಿಯಮ ಓದಿ ಹುಡುಗ ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡುತ್ತಾನೆ ಈಗ. ಮಕ್ಕಳು ವ್ಯಾಕರಣ ಓದಿ ಮಾತು ಕಲಿಯುತ್ತವಾ? ಅಂಗಡಿಗೆ ಹೋಗಿ ಬೆರಳು ತೋರಿಸಿ ಮಾತಾಡಿದರೆ ತಾನಾಗಿ ಬರುತ್ತದೆ.

ಪೊ ನದಿ ಪಕ್ಕ

ಬೆರಳು ತೋರಿಸಿ ಟೊಮೆಟೊ ತರಬಹುದು ಸರ್. ಪೋಸ್ಟ್ ಆಫೀಸಿನ ಕೌಂಟರ್‌ನಲ್ಲಿ ಯಾವುದಕ್ಕೆ ಬೆರಳು ತೋರಿಸುತ್ತೀರಿ? ಇಲ್ಲಿಗೆ ಬಂದ 8 ಕೆಲಸದ ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ವಿದ್ಯಾರ್ಥಿಗಳು ಅದನ್ನು ಹಾಕುವುದು ಪೋಸ್ಟ್ ಆಫೀಸಿನಲ್ಲೇ. ಹುಟ್ಟಿದ್ದೆಲ್ಲಿ, ಯಾವಾಗ ಬಂದಿರಿ, ಎಲ್ಲಿದ್ದೀರಿ, ಎಲ್ಲ ಪ್ರಶ್ನೆಯೂ ಕ್ರಿಯಾಪದದ್ದೇ.

ತುಂಗೆಯ ದಡ ಅವರೇ, ಕ್ರಿಯಾಪದಕ್ಕೆ ಬಂದಾಗ ಇಂಗ್ಲಿಷನ್ನು ಬದಿಗಿಟ್ಟುಬಿಡಿ. ಇಲ್ಲಿ ಕನ್ನಡವೇ ನಿಮ್ಮ ಗೈಡ್. ನಾವು ‘ಮಾತಾಡುತ್ತೇನೆ’ ಅಂದರೆ ‘ನಾನು’ ಅಂತ ಬೇರೆ ಹೇಳಬೇಕಾ? ಕ್ರಿಯಾಪದದ ಬಾಲದಲ್ಲೇ ಆಳು ಕೂತಿದ್ದಾನೆ. ಇಟಾಲಿಯನ್ ಕೂಡ ಹಾಗೆ. ಪಾರ್ಲೊ ಮಾತಾಡುತ್ತೇನೆ, ಪಾರ್ಲಿ ಮಾತಾಡುತ್ತೀಯ, ಪಾರ್ಲ್ಯಾಮೊ ಮಾತಾಡುತ್ತೇವೆ, ಪಾರ್ಲಾತೆ ಮಾತಾಡುತ್ತೀರಿ, ಪಾರ್‌ಲನೊ ಮಾತಾಡುತ್ತಾರೆ. ಕೊನೆಯದರಲ್ಲಿ ಒತ್ತು ‘ಪಾರ್’ ಮೇಲೆ, ಪಾರ್ಲಾನೊ ಅಂತ ಎಳೆಯಬೇಡಿ. ಅವನು, ಅವಳು ಇಬ್ಬರಿಗೂ ಪಾರ್ಲಾ ಒಂದೇ. ಮಾತಾಡುತ್ತಾನೆ, ಮಾತಾಡುತ್ತಾಳೆ ಅನ್ನುವ ನಮ್ಮದೇ ಕಷ್ಟ!

‘ನಾನು’ ಅನ್ನುವ ಇಯೊ ಬರುವುದು ಒತ್ತಿ ಹೇಳುವಾಗ ಮಾತ್ರ. ಅದೂ ಹೆಚ್ಚಾಗಿ ಕೊನೆಯಲ್ಲಿ: ‘ಪಾರ್ಲೊ ಇಯೊ’ ಅಂದರೆ ‘ನಾನೇ ಮಾತಾಡುತ್ತೇನೆ, ನೀವು ಸುಮ್ಮನಿರಿ’.

ಮೂರು ಗುಂಪು ಇವೆ: ಆರೆ, ಎರೆ, ಈರೆ ಅಂತ ಮುಗಿಯುವವು. ಆರೆ ಗುಂಪು ಗಟ್ಟಿ ಮಾಡಿಕೊಂಡರೆ ಉಳಿದದ್ದು ಒಂದೆರಡು ಸ್ವರದ ವ್ಯತ್ಯಾಸ. ಈರೆಯಲ್ಲಿ ಮಾತ್ರ ಒಂದು ತರಲೆ. ದೊರ್ಮೀರೆ, ಅಂದರೆ ಮಲಗುವುದು, ನೇರವಾಗಿ ದೋರ್ಮೊ ಆಗುತ್ತದೆ. ಆದರೆ ಕಪೀರೆ, ಅಂದರೆ ಅರ್ಥವಾಗುವುದು, ಕಪೀಸ್ಕೊ ಆಗುತ್ತದೆ. ಕಪೀಸ್ಕೊ, ಕಪೀಶಿ, ಕಪೀಶೆ, ಆಮೇಲೆ ‘ನಾವು’, ‘ನೀವು’ ಬಂದಾಗ ಆ ಸ್ಕ ಮಾಯ: ಕಪ್ಯಾಮೊ, ಕಪೀತೆ. ಕೊನೆಗೆ ಮತ್ತೆ ಕಪೀಸ್ಕೊನೊ. ‘ನೋನ್ ಕಪೀಸ್ಕೊ’ ಅಂದರೆ ‘ನನಗೆ ಅರ್ಥವಾಗುತ್ತಿಲ್ಲ’. ಮೊದಲ ತಿಂಗಳು ಬೇರೆ ಯಾವ ವಾಕ್ಯಕ್ಕಿಂತ ಇದೇ ಜಾಸ್ತಿ ಬೇಕಾಗುತ್ತದೆ.

ಸೋನೊ ಮತ್ತು ಓ, ಅಂದರೆ ಇರುವುದು ಮತ್ತು ಹೊಂದಿರುವುದು, ಈ ಎರಡಕ್ಕೆ ನಿಯಮ ಇಲ್ಲ. ಬಾಯಿಪಾಠವೇ. ಸೋನೊ, ಸೇಯ್, ಎ, ಸ್ಯಾಮೊ, ಸ್ಯೇತೆ, ಸೋನೊ. ಓ, ಆಯ್, ಆ, ಅಬ್ಬ್ಯಾಮೊ, ಅವೇತೆ, ಆನ್ನೊ. ಓ, ಆಯ್, ಆ, ಆನ್ನೊ ನಾಲ್ಕಕ್ಕೂ ಮುಂದೆ ಎಚ್ ಬರೆಯುತ್ತಾರೆ, ಹೇಳುವುದಿಲ್ಲ.

ಲಾತ್ತೆ ಬೇಡ

ಕನ್ನಡವೇ ಗೈಡ್ ಅಂದಿರಿ, ಅದಕ್ಕೆ ಎರಡು ಭರ್ಜರಿ ಸಾಕ್ಷಿ ಕೊಡುತ್ತೇನೆ.

‘ಮಿ ಪ್ಯಾಚೆ ಇಲ್ ಕಫ್ಫೆ’. ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಒದ್ದಾಡುತ್ತವೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಇಷ್ಟಪಡುವವನೇ ಕರ್ತೃ. ಕನ್ನಡದಲ್ಲಿ? ‘ನನಗೆ ಕಾಫಿ ಇಷ್ಟ’. ಮಿ ಅಂದರೆ ‘ನನಗೆ’, ಮುಗಿಯಿತು. ಕರ್ತೃ ಕಾಫಿ. ಅದು ಬಹುವಚನವಾದರೆ ಕ್ರಿಯಾಪದವೂ ಬದಲಾಗುತ್ತದೆ: ಮಿ ಪ್ಯಾಚ್ಚೊನೊ ಈ ಲಿಬ್ರಿ. ‘ಪುಸ್ತಕಗಳು ನನಗೆ ಇಷ್ಟವಾಗುತ್ತವೆ’ ಅಂತ ಪೂರ್ತಿ ಹೇಳಿ ನೋಡಿ, ‘ತ್ತವೆ’ ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಎರಡನೆಯದು ದಾ. ‘ಆಬಿತೊ ಅ ತೊರೀನೊ ದಾ ದೂಯೆ ಆನ್ನಿ’. ಎರಡು ವರ್ಷದಿಂದ ತೊರಿನೊದಲ್ಲಿ ಇದ್ದೇನೆ. ದಾ ಅಂದರೆ ನಮ್ಮ ‘ಇಂದ’. ಕ್ರಿಯಾಪದ ಎರಡರಲ್ಲೂ ವರ್ತಮಾನ. ಇಂಗ್ಲಿಷ್‌ನಲ್ಲಿ ಯೋಚಿಸಿದರೆ ಭೂತಕಾಲದ ಕಡೆ ಎಳೆಯುತ್ತದೆ, ವಾಕ್ಯ ಹಾಳಾಗುತ್ತದೆ.

ಅಡ್ಡಮಾತು

ತಡೀರಿ ತಡೀರಿ. ಕನ್ನಡದಲ್ಲಿ ‘ನನಗೆ ಹಸಿವು’. ಹಾಗಾದರೆ ಮಿ ಫಾಮೆ ಅನ್ನಲೇ?

ಲಾತ್ತೆ ಬೇಡ

ಹ್ಹಹ್ಹ, ಸರಿಯಾಗಿ ಹಿಡಿದಿರಿ. ಅಲ್ಲಿ ಕನ್ನಡ ಕೈಕೊಡುತ್ತದೆ. ಹಸಿವು, ಬಾಯಾರಿಕೆ, ನಿದ್ದೆ, ಭಯ, ಚಳಿ, ಅವಸರ ಎಲ್ಲವನ್ನೂ ಇಟಾಲಿಯನ್ನರು ‘ಹೊಂದಿರುತ್ತಾರೆ’. ಓ ಫಾಮೆ, ಓ ಸೇತೆ, ಓ ಸೊನ್ನೊ, ಓ ಪಾವೂರಾ, ಓ ಫ್ರೆದ್ದೊ, ಓ ಫ್ರೆತ್ತಾ. ವಯಸ್ಸೂ ಅಷ್ಟೇ, ವರ್ಷಗಳನ್ನು ಹೊಂದಿರುತ್ತಾರೆ. ಇವನ್ನು ಒಂದು ಗುಂಪಾಗಿ ಕಲಿತುಬಿಡಿ.

ಇನ್ನು ವಾಕ್ಯದ ಕ್ರಮ. ಇಟಾಲಿಯನ್‌ನಲ್ಲಿ ಕ್ರಿಯಾಪದ ಮಧ್ಯೆ ಬರುತ್ತದೆ, ನಮ್ಮದು ಕೊನೆಗೆ. ಆದರೆ ‘ಅವನನ್ನು’, ‘ನಿನ್ನನ್ನು’ ಅನ್ನುವ ಪುಟ್ಟ ಸರ್ವನಾಮ ಬಂದರೆ ಕ್ರಮ ನಮ್ಮ ಹಾಗೇ ಆಗಿಬಿಡುತ್ತದೆ. ಲೋ ವೇದೊ: ಅವನನ್ನು ನೋಡುತ್ತೇನೆ. ತಿ ಆಮೊ: ನಿನ್ನನ್ನು ಪ್ರೀತಿಸುತ್ತೇನೆ. ಇದನ್ನು ಯಾರಿಗೆ ಹೇಳಬೇಕು ಅನ್ನುವುದು ವ್ಯಾಕರಣದ ಹೊರಗಿನ ವಿಷಯ.

ತುಂಗೆಯ ದಡ

ಎಲ್ಲ ಓದಿ ಒಂದು ಪುಟ್ಟ ಪರಿಚಯ ಬರೆದಿದ್ದೇನೆ. ಕರುಣೆ ತೋರಿಸದೆ ತಿದ್ದಿ.

‘ಇಯೊ ಸೋನೊ ದಿ ಶಿವಮೊಗ್ಗ. ಸೋನೊ ವೆಂತಿತ್ರೆ ಆನ್ನಿ. ಲಾ ಮಿಯಾ ಮಾದ್ರೆ ಎ ಇನ್ಸೆನ್ಯಾಂತೆ. ಓ ಸ್ತುದ್ಯಾತೊ ಇತಲ್ಯಾನೊ ಪೆರ್ ದೂಯೆ ಮೇಸಿ. ಮಿ ಪ್ಯಾಚೆ ಈ ಫಿಲ್ಮ್. ಓ ಉನಾ ಪ್ರೊಬ್ಲೇಮಾ: ಲಾ ಗ್ರಮ್ಮಾತಿಕಾ.’

ಶಿವಮೊಗ್ಗದವನು, 23 ವರ್ಷ, ಅಮ್ಮ ಟೀಚರ್, ಎರಡು ತಿಂಗಳಿಂದ ಇಟಾಲಿಯನ್ ಕಲಿಯುತ್ತಿದ್ದೇನೆ, ಸಿನಿಮಾ ಇಷ್ಟ, ಒಂದು ಸಮಸ್ಯೆ, ಅದು ವ್ಯಾಕರಣ. ಇಷ್ಟು ಹೇಳಲು ಹೊರಟಿದ್ದು.

ಪೊ ನದಿ ಪಕ್ಕ

ಅರ್ಥವಂತೂ ಆಗುತ್ತದೆ. ತಿದ್ದೋಣ.

ಇಯೊ ತೆಗೆಯಿರಿ. ಸೋನೊ ಸಾಕು.

ವಯಸ್ಸು: ‘ಓ ವೆಂತಿತ್ರೆ ಆನ್ನಿ’. ಹೊಂದಿರುವುದು. ಮತ್ತೆ ಆನ್ನಿಯ ಒತ್ತು ಯಾವತ್ತೂ ಬಿಡಬೇಡಿ. ಒತ್ತು ಇಲ್ಲದ ರೂಪಕ್ಕೆ ಇರುವ ಅರ್ಥವನ್ನು ಇಲ್ಲಿ ಬರೆಯಲಾರೆ, ನಿಘಂಟು ನೋಡಿಕೊಳ್ಳಿ.

ಅಮ್ಮ: ಬರೀ ‘ಮಿಯಾ ಮಾದ್ರೆ’. ‘ನನ್ನ ಪುಸ್ತಕ’ ಅನ್ನಲು ಇಲ್ ಮಿಯೊ ಲಿಬ್ರೊ, ಆರ್ಟಿಕಲ್ ಬೇಕು. ಆದರೆ ಅಪ್ಪ, ಅಮ್ಮ, ಅಣ್ಣ, ಅಕ್ಕ ಹೀಗೆ ಹತ್ತಿರದವರು ಒಬ್ಬರೇ ಇದ್ದಾಗ ಆರ್ಟಿಕಲ್ ಬೀಳುತ್ತದೆ. ಬಹುವಚನವಾದರೆ ಮತ್ತೆ ವಾಪಸ್: ಈ ಮ್ಯೇಯ್ ಫ್ರತೆಲ್ಲಿ, ನನ್ನ ಅಣ್ಣತಮ್ಮಂದಿರು.

ಕಲಿಕೆ: ಇಲ್ಲಿ ಇಂಗ್ಲಿಷ್ ಬಂದು ಕೂತಿದೆ. ನೀವು ಬರೆದದ್ದರ ಅರ್ಥ ‘ಎರಡು ತಿಂಗಳು ಇಟಾಲಿಯನ್ ಕಲಿತೆ’, ಅಂದರೆ ಬಿಟ್ಟುಬಿಟ್ಟೆ ಅಂತ! ನೀವೇ ಕೆಳಗೆ ಕನ್ನಡದಲ್ಲಿ ‘ಎರಡು ತಿಂಗಳಿಂದ ಕಲಿಯುತ್ತಿದ್ದೇನೆ’ ಅಂತ ಬರೆದಿದ್ದೀರಿ. ಅದನ್ನೇ ಇಡಿ: ‘ಸ್ತೂದ್ಯೊ ಇತಲ್ಯಾನೊ ದಾ ದೂಯೆ ಮೇಸಿ’.

ಸಿನಿಮಾ: ಬಹುವಚನ, ಆದ್ದರಿಂದ ಮಿ ಪ್ಯಾಚ್ಚೊನೊ ಈ ಫಿಲ್ಮ್. ಫಿಲ್ಮ್ ಹೊರಗಿನ ಶಬ್ದ, ಅದು ಮಾತ್ರ ಬದಲಾಗುವುದಿಲ್ಲ. ಈ ಅನ್ನುವ ಆರ್ಟಿಕಲ್ ನೋಡಿಯೇ ಹಲವು ಅಂತ ತಿಳಿಯಬೇಕು.

ಸಮಸ್ಯೆ: ಉನ್ ಪ್ರೊಬ್ಲೇಮಾ. ಗ್ರೀಕ್ ಗುಂಪು, ಗಂಡು. ಗ್ರಮ್ಮಾತಿಕಾ ಹೆಣ್ಣು, ಸರಿಯಾಗಿದೆ.

ಹಿಂದಿ ಮೇಷ್ಟ್ರು

ಭೂತಕಾಲದ ಮಾತು ಬಂತಲ್ಲ. ನನ್ನ ಮಗಳು ಬೊಲೊನ್ಯಾದಲ್ಲಿ ಇದ್ದಾಳೆ, ಅವಳಿಂದ ತಿಳಿದದ್ದು. ತಿಂದೆ ಅನ್ನಲು ಓ ಮಂಜ್ಯಾತೊ, ಗಂಡು ಹೆಣ್ಣು ಎಲ್ಲರಿಗೂ ಒಂದೇ. ಹೋದೆ ಅನ್ನಲು ಓ ಅಲ್ಲ, ಸೋನೊ. ಆಗ ಬಾಲ ಬದಲಾಗುತ್ತದೆ: ಗಂಡಸು ಹೇಳಿದರೆ ಸೋನೊ ಅಂದಾತೊ, ಹೆಂಗಸು ಹೇಳಿದರೆ ಸೋನೊ ಅಂದಾತಾ. ಕನ್ನಡದಲ್ಲಿ ‘ಹೋದೆ’ಗೆ ಲಿಂಗ ಇಲ್ಲ. ಹಿಂದಿಯ ಗಯಾ, ಗಯೀ ನೆನಪಿಸಿಕೊಳ್ಳಿ.

ಹೋಗು, ಬಾ, ತಲುಪು, ಹೊರಡು, ಹುಟ್ಟು, ಸಾಯಿ, ಉಳಿ. ಸೋನೊ ಜೊತೆ ಬರುವ ಮುಖ್ಯ ಕ್ರಿಯಾಪದಗಳು ಇವೇ. ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ.

ತುಂಗೆಯ ದಡ

ಮೇಷ್ಟ್ರೇ ಧನ್ಯವಾದ. ಪರೀಕ್ಷೆ ಅಂದಿರಲ್ಲ, ವಿದ್ಯಾರ್ಥಿಗೆ ಸರ್ಟಿಫಿಕೇಟ್ ಬೇಕೇ ಬೇಕಾ? ಮತ್ತೆ ‘ನೀವು’ ಅನ್ನುವುದು ಹೇಗೆ? ಪ್ರೊಫೆಸರ್‌ಗೆ ಪಾರ್ಲಾತೆ ಅನ್ನಬೇಕಾ?

ಲಾತ್ತೆ ಬೇಡ

ಇಂಗ್ಲಿಷ್ ಕೋರ್ಸ್ ಆದರೆ ಪ್ರವೇಶಕ್ಕೆ ಇಟಾಲಿಯನ್ ಸರ್ಟಿಫಿಕೇಟ್ ಸಾಮಾನ್ಯವಾಗಿ ಕೇಳುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಒಮ್ಮೆ ನೋಡಿಕೊಳ್ಳಿ. ಮುಂದೆ ಅಲ್ಲೇ ನೆಲೆಸುವ ಯೋಚನೆ ಇದ್ದರೆ ಲೆಕ್ಕ ಬೇರೆ. ದೀರ್ಘಾವಧಿ ವಾಸದ ಪರವಾನಗಿಗೆ ಎ2 ಮಟ್ಟ ಬೇಕು (ಯುರೋಪಿನಲ್ಲಿ ಭಾಷಾ ಮಟ್ಟವನ್ನು ಎ1ರಿಂದ ಸಿ2ರವರೆಗೆ ಅಳೆಯುತ್ತಾರೆ, ಎ1 ಆರಂಭ). ಮದುವೆಯಿಂದಲೋ ವಾಸದಿಂದಲೋ ಪೌರತ್ವ ಕೇಳುವವರಿಗೆ 2018ರ ಕೊನೆಯಿಂದ ಬಿ1 ಕಡ್ಡಾಯ. ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್, ಪೆರೂಜಾದ ವಿದೇಶಿಯರ ವಿಶ್ವವಿದ್ಯಾಲಯದ ಚೇಲಿ, ದಾಂತೆ ಅಲಿಗ್ಯೇರಿ ಸೊಸೈಟಿಯ ಪ್ಲಿದಾ, ಇವು ಹೆಸರುವಾಸಿ ಪರೀಕ್ಷೆಗಳು. ಹೋದ ಮೇಲೆ ಕಲಿಯಲು, ದೊಡ್ಡವರಿಗಾಗಿ ಸರ್ಕಾರ ನಡೆಸುವ ಸಿಪಿಐಎ (CPIA) ಅನ್ನುವ ಕೇಂದ್ರಗಳಿವೆ. ಖರ್ಚು ತೀರಾ ಕಡಿಮೆ. ಮೊದಲ ವಾರವೇ ಹೋಗಿ ಹೆಸರು ಬರೆಸಿ, ಸೀಟು ಬೇಗ ತುಂಬುತ್ತದೆ.

ಪೊ ನದಿ ಪಕ್ಕ

ಪ್ರೊಫೆಸರ್‌ಗೆ ಪಾರ್ಲಾತೆ ಅಲ್ಲ, ಪಾರ್ಲಾ. ಇಲ್ಲಿ ಕನ್ನಡ ದಾರಿ ತಪ್ಪಿಸುತ್ತದೆ. ನಾವು ಗೌರವಕ್ಕೆ ಬಹುವಚನ ಬಳಸುತ್ತೇವೆ, ಅವರು ‘ಅವಳು’ ಅನ್ನುವ ಲೇಯ್ ಬಳಸುತ್ತಾರೆ. ಎದುರಿಗಿರುವವರು ಮೀಸೆ ಬಿಟ್ಟ ಗಂಡಸಾದರೂ ಲೇಯ್. ಹೇಗಿದ್ದೀರಿ ಅನ್ನಲು ‘ಕೋಮೆ ಸ್ತಾ?’, ಗೆಳೆಯನಿಗಾದರೆ ‘ಕೋಮೆ ಸ್ತಾಯ್?’. ಬಹುವಚನದ ವೋಯ್ ಬಳಸಿ ಗೌರವ ಕೊಡುವ ರೂಢಿ ದಕ್ಷಿಣ ಇಟಲಿಯ ಕೆಲವು ಕಡೆ ಈಗಲೂ ಇದೆ. 1938ರಲ್ಲಿ ಮುಸೊಲಿನಿಯ ಆಡಳಿತ ಲೇಯ್ ಬಿಟ್ಟು ವೋಯ್ ಅನ್ನಿ ಅಂತ ಹೇರಲು ನೋಡಿತ್ತು. ಆಡಳಿತ ಬಿದ್ದುಹೋಯಿತು, ಲೇಯ್ ಉಳಿಯಿತು. ಅಂಗಡಿ, ಕಚೇರಿ, ಬಾಡಿಗೆ ಮನೆಯ ಮಾಲೀಕರು, ಎಲ್ಲರಿಗೂ ಲೇಯ್. ಅವರಾಗಿ ‘ತೂ (ನೀನು) ಅನ್ನೋಣ’ ಅಂದರೆ ಆಗ ಬದಲಿಸಿ. ಸಹಪಾಠಿಗಳಿಗೆ ಮೊದಲ ದಿನದಿಂದಲೇ ತೂ.

ಕುಡ್ಲದ ಬಾಯಿ

ಅಷ್ಟೂ ಜನ ಸೇರಿ ಒಂದು ಮುಖ್ಯ ವಿಷಯ ಬಿಟ್ಟಿರಿ. ಅಲ್ಲಿ ಬಾರ್‌ನಲ್ಲಿ, ಅಂದರೆ ಕಾಫಿ ಅಂಗಡಿಯಲ್ಲಿ, ‘ಉನ್ ಲಾತ್ತೆ’ ಅಂತ ಕೇಳಿದರೆ ಬರೀ ಹಾಲು ಕೊಡುತ್ತಾರೆ. ಹಾಲು ಹಾಕಿದ ಕಾಫಿ ಬೇಕಾದರೆ ಉನ್ ಕಫ್ಫೆಲಾತ್ತೆ ಅಥವಾ ಉನ್ ಕಪ್ಪುಚ್ಚೀನೊ ಅನ್ನಿ. ಇಬ್ಬರಿಗಾದರೆ ದೂಯೆ ಕಪ್ಪುಚ್ಚೀನಿ.

ತುಂಗೆಯ ದಡ

ಮತ್ತೆ ಎರಡು ಕಾಫಿ? ಕಫ್ಫಿ ಅನ್ನಬೇಕಾ?

ಲಾತ್ತೆ ಬೇಡ

ಇಲ್ಲ, ದೂಯೆ ಕಫ್ಫೆ. ಕೊನೆಯ ಸ್ವರದ ಮೇಲೆ ಒತ್ತುಗೆರೆ ಇದ್ದರೆ ಬಹುವಚನದಲ್ಲೂ ಶಬ್ದ ಬದಲಾಗುವುದಿಲ್ಲ. ನಗರ ಅನ್ನುವ ಚಿತ್ತಾ, ಉನಿವೆರ್ಸಿತಾ, ಎಲ್ಲವೂ ಹಾಗೇ.